ಹೋದೆ, ಹೋಗ್ತಿದ್ದೆ: ಮಗಳ ಸ್ಪ್ಯಾನಿಷ್ ಕ್ಲಾಸಿನಿಂದ ಕಲಿತದ್ದು



ಹೋದ ತಿಂಗಳು ನಮ್ಮ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ಪ್ರಶ್ನೆ ಹಾಕಿದ್ದರು. "ಮಗನಿಗೆ ಸೆಪ್ಟೆಂಬರಿನಿಂದ ಸ್ಪ್ಯಾನಿಷ್ ಎರಡನೆಯ ಹಂತ ಶುರುವಾಗ್ತದಂತೆ. ಏನೇನು ಬರ್ತದೆ? ಟ್ಯೂಷನ್ ಹಾಕಬೇಕಾ?" ಅಂತ. ನಾನು ನಾಲ್ಕು ಸಾಲು ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿ, ಕೊನೆಗೆ "ರೇಡಿಯೋದಲ್ಲೇ ಹೇಳ್ತೇನೆ" ಅಂತ ಉತ್ತರ ಕೊಟ್ಟೆ. ಅದಕ್ಕೇ ಈ ಹೊತ್ತಿನ ಮಾತು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಸ್ಪ್ಯಾನಿಷ್ ಬರುವುದಿಲ್ಲ. ನಾನು ಲೆಕ್ಕಪತ್ರ ನೋಡುವವಳು, ಊರು ಕುಮಟಾ. ಮಗಳು ಇಲ್ಲಿ ದುಬೈಯ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದರಲ್ಲಿ ಹತ್ತನೆಯ ವರ್ಷದಲ್ಲಿದ್ದಾಳೆ. ನಮ್ಮ ಊರಿನ ಲೆಕ್ಕದಲ್ಲಿ ಒಂಬತ್ತನೆಯ ಕ್ಲಾಸು. ಊಟದ ಮೇಜಿನ ಆಚೆ ಬದಿಗೆ ಕೂತು ಅವಳ ಜೊತೆ ನಾನು ಎಷ್ಟು ಕಲಿತೆನೋ ಅಷ್ಟನ್ನೇ ಹೇಳುವವಳು.

ನಮ್ಮ ಮಕ್ಕಳ ತಲೆಯ ಮೇಲೆ ಎಷ್ಟು ಭಾಷೆಗಳಿವೆ ಅಂತ ಒಮ್ಮೆ ಎಣಿಸಿ ನೋಡಿ. ಶಾಲೆಯ ಮಾತು ಇಂಗ್ಲಿಷು. ಈ ದೇಶದ ಖಾಸಗಿ ಶಾಲೆಗಳಲ್ಲಿ ಒಂದರಿಂದ ಒಂಬತ್ತನೆಯ ತರಗತಿಯ ತನಕ ಅರಬ್ಬಿ ಕಡ್ಡಾಯ. ಸಿಬಿಎಸ್‌ಇ ಶಾಲೆಯಾದರೆ ಸಾಮಾನ್ಯವಾಗಿ ಹಿಂದಿಯೂ ಸೇರುತ್ತದೆ. ಮನೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಏನೋ ಒಂದು ಇರುತ್ತದೆ. ಅದರ ಮೇಲೆ ಫ್ರೆಂಚೋ ಸ್ಪ್ಯಾನಿಷೋ ಬರುತ್ತದೆ. ಸಿಬಿಎಸ್‌ಇಯ ಭಾಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಷ್ ಇದೆ, ಕನ್ನಡವೂ ಇದೆ. ಪಟ್ಟಿಯಲ್ಲಿದ್ದರೆ ಸಾಲದು, ಶಾಲೆಯಲ್ಲಿ ಕಲಿಸುವವರು ಬೇಕಲ್ಲ. ನನ್ನ ಮಗಳಿಗೆ ಫಾರ್ಮಿನಲ್ಲಿ ಸಿಕ್ಕಿದ್ದು ಫ್ರೆಂಚ್ ಮತ್ತು ಸ್ಪ್ಯಾನಿಷ್ ಎರಡೇ. ಗೆಳತಿ ಸ್ಪ್ಯಾನಿಷ್ ತಗೊಂಡಳು ಅಂತ ಇವಳೂ ತಗೊಂಡಳು. ದೊಡ್ಡ ಯೋಚನೆ ಏನೂ ಇರಲಿಲ್ಲ.

ಮೊದಲ ಎರಡು ವರ್ಷ ಹಬ್ಬ. ಬಣ್ಣ, ಸಂಖ್ಯೆ, ವಾರದ ದಿನ, ಅಪ್ಪ ಅಮ್ಮ, ನಾಯಿ ಬೆಕ್ಕು, ಎಲ್ಲ ಹಾಡಿನಲ್ಲೇ ಕಲಿಯುತ್ತಾರೆ. ಉಚ್ಚಾರಣೆಯಲ್ಲಿ ನಮ್ಮ ಮಕ್ಕಳು ಸುಲಭವಾಗಿ ಮುಂದೆ ಹೋಗುತ್ತಾರೆ. ಸ್ಪ್ಯಾನಿಷಿನ ಸ್ವರಗಳು ಐದೇ, ಬರೆದ ಹಾಗೆ ಓದಿದರೆ ಹೆಚ್ಚುಕಡಿಮೆ ಸರಿಯಾಗುತ್ತದೆ. ಅವರ 'ತ', 'ದ' ನಮ್ಮ ತ, ದಗಳ ಹಾಗೆ ಹಲ್ಲಿಗೆ ತಾಗುವಂಥವು. ಇಂಗ್ಲಿಷ್ ಮಾತ್ರ ಬರುವ ಮಗು ಅಲ್ಲಿ ಟ, ಡ ಅನ್ನುತ್ತದೆ. ಮಗಳು ತೊಂಬತ್ತರ ಮೇಲೆ ಅಂಕ ತಂದಳು. ನಾವು ಊರಿಗೆಲ್ಲ ಹೇಳಿಕೊಂಡು ಬಂದೆವು.

ಮೂರನೆಯ ವರ್ಷ ಅಂಕ ಐವತ್ತೆರಡಕ್ಕೆ ಬಂತು. ನಾನು ಕೇಳಿದ ಎಲ್ಲ ತಾಯಂದಿರ ಅನುಭವವೂ ಇದೇ. ಹಾಗಾದರೆ ಈ ಹಂತದಲ್ಲಿ ಬರುವುದೇನು?

ಮೊದಲನೆಯದು 'ಗುಸ್ತಾರ್' ಅನ್ನುವ ಕ್ರಿಯಾಪದ. 'ನನಗೆ ಮಾವಿನಹಣ್ಣು ಇಷ್ಟ' ಅನ್ನಲಿಕ್ಕೆ ಸ್ಪ್ಯಾನಿಷಿನಲ್ಲಿ 'ಮೆ ಗುಸ್ತಾ ಎಲ್ ಮಾಂಗೊ' ಅನ್ನಬೇಕು. 'ಮೆ' ಅಂದರೆ 'ನನಗೆ'. ಇಂಗ್ಲಿಷಿನ ದಾರಿಯಲ್ಲಿ ಬಂದ ಮಗು 'ನಾನು' ಅಂತ ಶುರು ಮಾಡಿ ಅಲ್ಲೇ ಎಡವುತ್ತದೆ. ಈಗ ಕನ್ನಡದಲ್ಲಿ ಯೋಚಿಸಿ. 'ನಾನು ಮಾವಿನಹಣ್ಣು ಇಷ್ಟ' ಅಂತ ಯಾರಾದರೂ ಹೇಳುತ್ತಾರೆಯೇ? ನಮ್ಮಲ್ಲೂ 'ನನಗೆ'ಯೇ. ತಲೆ ನೋವಿಗೂ ಹಾಗೆಯೇ. 'ಮೆ ದುಏಲೆ ಲಾ ಕಬೇಸಾ' ಅಂದರೆ 'ನನಗೆ ತಲೆ ನೋಯ್ತದೆ'. ಪದಕ್ಕೆ ಪದ ಇಟ್ಟ ಹಾಗಿದೆ.

ಎರಡನೆಯದು 'ಸೇರ್' ಮತ್ತು 'ಎಸ್ತಾರ್'. ಇಂಗ್ಲಿಷಿನಲ್ಲಿ 'ಈಸ್' ಅನ್ನುವ ಒಂದೇ ಪದ ಮಾಡುವ ಕೆಲಸವನ್ನು ಸ್ಪ್ಯಾನಿಷಿನಲ್ಲಿ ಈ ಎರಡು ಹಂಚಿಕೊಂಡಿವೆ. ಒಬ್ಬರು ಯಾರು, ಎಂಥವರು ಅನ್ನುವುದಕ್ಕೆ ಸೇರ್. ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಅನ್ನುವುದಕ್ಕೆ ಎಸ್ತಾರ್. ನಾವು ಏನು ಮಾಡುತ್ತೇವೆ? 'ಅವಳು ಡಾಕ್ಟರು', 'ಅವಳು ಒಳ್ಳೆಯವಳು' ಅನ್ನುವಾಗ ಕ್ರಿಯಾಪದವೇ ಬೇಡ. 'ಅವಳು ಮನೆಯಲ್ಲಿದ್ದಾಳೆ', 'ಅವಳು ಚೆನ್ನಾಗಿದ್ದಾಳೆ' ಅನ್ನುವಾಗ 'ಇರು' ಬರುತ್ತದೆ. ಹೆಚ್ಚಿನ ಕಡೆ 'ಇದ್ದಾಳೆ' ಬಂದಲ್ಲಿ ಎಸ್ತಾರ್, ಬರದಲ್ಲಿ ಸೇರ್. ಇದು ನೂರಕ್ಕೆ ನೂರು ನಡೆಯುವುದಿಲ್ಲ. ಮದುವೆ ಎಲ್ಲಿದೆ, ಸಭೆ ಎಲ್ಲಿದೆ ಅನ್ನುವುದಕ್ಕೆ ಅವರು ಸೇರ್ ಬಳಸುತ್ತಾರೆ. ಆದರೂ ಅರ್ಧ ದಾರಿ ದಾಟಿಸುತ್ತದೆ. ಇಲ್ಲಿ ತಪ್ಪಿದರೆ ಅರ್ಥವೇ ಬದಲಾಗುವುದೂ ಉಂಟು. 'ಎಸ್ತಾ ಅಬುರ್ರೀದೊ' ಅಂದರೆ ಅವನಿಗೆ ಬೋರಾಗಿದೆ. 'ಎಸ್ ಅಬುರ್ರೀದೊ' ಅಂದರೆ ಅವನೇ ಬೋರು.

ಮೂರನೆಯದು 'ತೂ' ಮತ್ತು 'ಉಸ್ತೇದ್', ಅಂದರೆ ನೀನು ಮತ್ತು ನೀವು. ಅಂಗಡಿಯವರ ಹತ್ತಿರ, ಹಿರಿಯರ ಹತ್ತಿರ ಮಾತಾಡುವ ಪಾಠದಲ್ಲಿ ಇದು ಬರುತ್ತದೆ. ಎಲ್ಲರಿಗೂ 'ಯೂ' ಅಂದು ಬೆಳೆದ ಮಗುವಿಗೆ ಇದನ್ನು ವಿವರಿಸಲಿಕ್ಕೆ ಅರ್ಧ ಪಿರಿಯಡ್ ಬೇಕು. ನಮ್ಮವರಿಗೆ ಅಜ್ಜನ ಎದುರು ಒಂದು ಸಲ 'ನೀನು' ಅಂದು ಬೈಸಿಕೊಂಡ ನೆನಪು ಸಾಕು.

ನಾಲ್ಕನೆಯದೇ ಎಲ್ಲರನ್ನೂ ಬೀಳಿಸುವ ಜಾಗ. ಅದು ಭೂತಕಾಲ. ಸ್ಪ್ಯಾನಿಷಿನಲ್ಲಿ ಎರಡು ಭೂತಕಾಲ ಒಟ್ಟೊಟ್ಟಿಗೆ ಓಡುತ್ತವೆ. ಮುಗಿದುಹೋದ ಒಂದು ಕೆಲಸಕ್ಕೆ ಒಂದು ರೂಪ, ಆಗ ನಡೆಯುತ್ತಿದ್ದ, ದಿನಾ ನಡೆಯುತ್ತಿದ್ದ ಕೆಲಸಕ್ಕೆ ಇನ್ನೊಂದು. 'ಫುಯಿ' ಅಂದರೆ ಹೋದೆ. 'ಇಬಾ' ಅಂದರೆ ಹೋಗ್ತಿದ್ದೆ. 'ಅಬ್ಲೆ' ಅಂದರೆ ಮಾತಾಡಿದೆ. 'ಅಬ್ಲಾಬಾ' ಅಂದರೆ ಮಾತಾಡ್ತಿದ್ದೆ. ಕಥೆ ಹೇಳುವಾಗ ಎರಡೂ ಬೇಕು. 'ಮಳೆ ಬರ್ತಿತ್ತು, ಬಾಗಿಲು ಬಡಿದ ಸದ್ದಾಯ್ತು' ಅನ್ನುವಾಗ ನಾವೂ ಎರಡನ್ನೂ ಬಳಸುತ್ತೇವಲ್ಲ, ಹಾಗೆ.

ಇಲ್ಲಿಗೆ ಬಂದಾಗ ನನಗೆ ಒಂದು ಪೆಟ್ಟು ಬಿತ್ತು. ಅದನ್ನು ಹೇಳಲಿಕ್ಕೇ ಇವತ್ತು ಕೂತದ್ದು.

ಪರೀಕ್ಷೆಯ ಹಿಂದಿನ ದಿನ ಮಗಳು ಪುಸ್ತಕ ಮುಚ್ಚಿಟ್ಟು ಅಳುತ್ತಿದ್ದಳು. ಪುಸ್ತಕದಲ್ಲಿ ನಿಯಮಗಳ ಒಂದು ಪುಟವೇ ಇತ್ತು. ನಾನು ಓದಿ ನೋಡಿದೆ. ಬಹಳ ಬುದ್ಧಿವಂತಳ ಹಾಗೆ, "ಅಯ್ಯೋ, ಇಷ್ಟೇನಾ? ಒಂದು 'ಹೋದೆ', ಇನ್ನೊಂದು 'ಹೋಗ್ತಿದ್ದೆ'. ನಿನಗೆ ಗೊತ್ತಿರೋದೇ ಅಲ್ವಾ?" ಅಂದೆ.

ಅವಳು ನನ್ನ ಮುಖ ನೋಡಿದಳು. "ಎರಡೂ ಒಂದೇ ಅಲ್ವಾ ಅಮ್ಮಾ?" ಅಂತ ಕೇಳಿದಳು.

ಅವಳಿಗೆ ಆಗ ಹದಿಮೂರು ವರ್ಷ. 'ಊಟಕ್ಕೆ ಬಾ', 'ಚಪ್ಪಲಿ ಹೊರಗೆ ಬಿಡು', 'ಏಳು, ಬಸ್ ಬರ್ತದೆ' ಎಲ್ಲ ಅರ್ಥವಾಗುತ್ತಿತ್ತು. ಅಪ್ಪಣೆಗಳ ಕನ್ನಡ ಅದು. ಅದರಲ್ಲಿ ಭೂತಕಾಲ ಎಲ್ಲಿ ಬರಬೇಕು? ಅವಳಿಗೆ ನಾವು ಕನ್ನಡದಲ್ಲಿ ಕಥೆ ಹೇಳಿದ್ದೇ ಇಲ್ಲ. ಕೇಜಿಯಲ್ಲಿದ್ದಾಗ ಒಬ್ಬ ಟೀಚರು "ಮನೆಯಲ್ಲಿ ಇಂಗ್ಲಿಷೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ" ಅಂದಿದ್ದರು. ನಾವು ಗಂಡ ಹೆಂಡತಿ ಆ ಮಾತನ್ನು ವೇದವಾಕ್ಯ ಅಂತ ಪಾಲಿಸಿದೆವು. ಅವರನ್ನು ದೂರಿ ಏನು ಪ್ರಯೋಜನ? ಒಂದು ವಾಕ್ಯ ಅವರದ್ದು, ಎಂಟು ವರ್ಷ ನಮ್ಮದು. ಈಗ ಟ್ಯೂಷನ್ನಿಗೆ ದಿರ್ಹಮ್ ಕೊಟ್ಟು ತೆರೆಸಬೇಕಾದ ಬಾಗಿಲಿನ ಚಾವಿ ನಮ್ಮ ಮನೆಯಲ್ಲೇ ಇತ್ತು, ಅವಳ ಕೈಗೆ ಕೊಟ್ಟಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಹೋಮ್‌ವರ್ಕ್ ಬಂತು. ಈ ಹಂತದಲ್ಲಿ ಇದು ಬಂದೇ ಬರುತ್ತದೆ, ಬರೆದಿಟ್ಟುಕೊಳ್ಳಿ. ಮನೆಯ ಹಿರಿಯರೊಬ್ಬರ ಬಾಲ್ಯದ ಬಗ್ಗೆ ಅವರನ್ನೇ ಕೇಳಿ, ಸ್ಪ್ಯಾನಿಷಿನಲ್ಲಿ ನೂರ ಮೂವತ್ತು ಪದ ಬರೆಯಬೇಕು. ಮಗಳು ನನ್ನ ಆಯಿಗೆ, ಅಂದರೆ ಅವಳ ಅಜ್ಜಿಗೆ ಫೋನ್ ಮಾಡುತ್ತೇನೆ ಅಂದಳು. ಇಲ್ಲಿ ವಾಟ್ಸಾಪಿನಲ್ಲಿ ಕಾಲ್ ಹೋಗುವುದಿಲ್ಲವಲ್ಲ, ಅದಕ್ಕೆ ಆಯಿಯ ಮೊಬೈಲಿನಲ್ಲಿ ಬೋಟಿಮ್ ಹಾಕಿಸಿ ಕೊಟ್ಟಿದ್ದೇವೆ. ಪ್ರತಿ ಶನಿವಾರ ಆ ಕಾಲಿನಲ್ಲಿ ಆಯಿ "ಕೂಸೇ, ಊಟ ಆತಾ?" ಅನ್ನುವುದು, ಇವಳು "ಆಯ್ತು ಅಜ್ಜಿ" ಅಂದು ಫೋನು ನನ್ನ ಕೈಗೆ ಕೊಡುವುದು. ಅಜ್ಜಿ ಮೊಮ್ಮಗಳ ಮಾತುಕತೆ ಇಷ್ಟೇ ಆಗಿತ್ತು.

ಆ ಶನಿವಾರ ನಾನು ಫೋನು ತಗೊಳ್ಳಲಿಲ್ಲ. ಪ್ರಶ್ನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಅವಳ ಮುಂದೆ ಇಟ್ಟೆ. ಅವಳು ಮೊದಲ ಪ್ರಶ್ನೆಯನ್ನು ನೋಡದೆ ತನ್ನದೇ ರೀತಿಯಲ್ಲಿ ಕೇಳಿದಳು: "ಅಜ್ಜಿ, ನೀವು ಸಣ್ಣವರಿದ್ದಾಗ ಏನು ಮಾಡಿದ್ರಿ?"

ಆಚೆಯಿಂದ ಆಯಿ ಕೇಳಿದಳು: "ಯಾವತ್ತು ಮಾಡಿದ್ದು ಕೂಸೇ? ದಿನಾ ಮಾಡ್ತಿದ್ದಿದ್ದಾ?"

ನಾನು ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಹಾಗೇ ನಿಂತೆ. ಪುಸ್ತಕದ ಒಂದು ಪುಟದ ನಿಯಮವನ್ನು ನನ್ನ ಆಯಿ, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದಳು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಧಾನಕ್ಕೆ, "ದಿನಾ... ಮಾಡ್ತಿದ್ದಿದ್ದು" ಅಂದಳು.

ಆಯಿ ಹೇಳುತ್ತ ಹೋದಳು. ಅಘನಾಶಿನಿ ಹೊಳೆ ದಾಟಿ ಶಾಲೆಗೆ ಹೋಗ್ತಿದ್ದೆ. ದೋಣಿಯಲ್ಲಿ ಹೋಗ್ತಿದ್ದೆ. ಮಳೆಗಾಲದಲ್ಲಿ ಪಾಟಿಚೀಲ ತಲೆ ಮೇಲೆ ಇಟ್ಟುಕೊಳ್ತಿದ್ದೆ. ಗಜನಿ ಗದ್ದೆಯಲ್ಲಿ ಕಗ್ಗದ ಭತ್ತ ಬೆಳೀತಿದ್ರು. ಆಮೇಲೆ, ದನಿ ಏನೂ ಬದಲಾಗದೆ, "ಒಂದು ದಿನ ಬಿಟ್ಟೆ" ಅಂದಳು. ಯಾಕೆ ಅಂತ ಮಗಳು ಕೇಳಿದಳು. ಮನೆಯಲ್ಲಿ ತಮ್ಮ ಹುಟ್ಟಿದ್ದ, ಎತ್ತಿಕೊಳ್ಳಲಿಕ್ಕೆ ಜನ ಬೇಕಿತ್ತು. ಅಷ್ಟೇ.

ಈ ಸಂಗತಿ ನನಗೆ ಗೊತ್ತಿರಲಿಲ್ಲ. ಆಯಿ ಏಳರವರೆಗೆ ಓದಿದ್ದು ಗೊತ್ತಿತ್ತು, ಯಾಕೆ ಬಿಟ್ಟಳು ಅಂತ ನಲವತ್ತೊಂದು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ದುಬೈಯ ಒಂದು ಸ್ಪ್ಯಾನಿಷ್ ಹೋಮ್‌ವರ್ಕ್ ಅದನ್ನು ಕೇಳಿತು. ಮಗಳ ಬರಹದಲ್ಲಿ ಒಂಬತ್ತು 'ಹೋಗ್ತಿದ್ದೆ'ಗಳಿದ್ದವು, ಒಂದು 'ಬಿಟ್ಟೆ' ಇತ್ತು. ಎಲ್ಲವೂ ಸರಿಯಾದ ಜಾಗದಲ್ಲಿದ್ದವು.

ಇದರಿಂದ ಅಂಕ ರಾತ್ರೋರಾತ್ರಿ ತೊಂಬತ್ತಾಯಿತು ಅಂತ ತಿಳಿಯಬೇಡಿ. ಮುಂದಿನ ಪರೀಕ್ಷೆಗೆ ಅರವತ್ತೆಂಟು ಬಂತು. ಎಲ್ಲ ಕಡೆ ಕನ್ನಡ ಸಹಾಯ ಮಾಡುವುದೂ ಇಲ್ಲ. ಸ್ಪ್ಯಾನಿಷಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ನಮಗೆ ಎರಡೂ 'ಅದು'. ಅಲ್ಲಿ ಹಿಂದಿ ಕಲಿತ ಮಗುವಿಗೆ ವಿಷಯ ಬೇಗ ಹೊಳೆಯುತ್ತದೆ, ಯಾವುದು ಗಂಡು ಯಾವುದು ಹೆಣ್ಣು ಅನ್ನುವುದನ್ನು ಮಾತ್ರ ಬಾಯಿಪಾಠವೇ ಮಾಡಬೇಕು. ಕ್ರಿಯಾಪದದ ರೂಪಗಳೂ ಅಷ್ಟೇ, ಮಗ್ಗಿ ಕಲಿತ ಹಾಗೆ ದಿನಕ್ಕೆ ಹತ್ತು ನಿಮಿಷ.

ಅರಬ್ಬಿಯನ್ನು ಮರೆಯಬೇಡಿ. ಕಡ್ಡಾಯ ಅಂತ ಗೊಣಗಿಕೊಂಡು ಓದುವ ಅರಬ್ಬಿ ಇಲ್ಲಿ ಕೈ ಹಿಡಿಯುತ್ತದೆ. ಕ್ರಿ.ಶ. 711ರಿಂದ 1492ರ ತನಕ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ ಅರಬ್ಬಿ ಮಾತಾಡುವ ಮುಸ್ಲಿಂ ಆಳ್ವಿಕೆ ಇತ್ತು. ಹಾಗಾಗಿ ಸ್ಪ್ಯಾನಿಷಿನಲ್ಲಿ ಅರಬ್ಬಿ ಮೂಲದ ಪದಗಳು ರಾಶಿ ಇವೆ. ಎಣ್ಣೆಗೆ 'ಅಸೇತೆ', ಇಲ್ಲಿನ ಸೂಪರ್‌ಮಾರ್ಕೆಟ್ಟಿನ ಎಣ್ಣೆ ಬಾಟಲಿಯ ಮೇಲೆ ಬರೆದಿರುವ 'ಝೈತ್' ಅದೇ. ಅಕ್ಕಿಗೆ 'ಅರ್ರೋಸ್', ಅರಬ್ಬಿಯಲ್ಲಿ 'ಅರ್ರುಜ್'. ದಿಂಬಿಗೆ 'ಅಲ್ಮೊಆದಾ', ಅರಬ್ಬಿಯಲ್ಲಿ 'ಮಿಖದ್ದ'. ಸಕ್ಕರೆಯ ಕಥೆ ಇನ್ನೂ ಚೆಂದ. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆಯಾಯಿತು, ಪರ್ಷಿಯಾ ದಾಟಿ ಅರಬ್ಬಿಯಲ್ಲಿ ಸುಕ್ಕರ್ ಆಯಿತು, ಅಲ್ಲಿಂದ ಸ್ಪೇನಿಗೆ ಹೋಗಿ 'ಅಸೂಕರ್' ಆಯಿತು. ಕರಾಮಾದ ಚಹಾ ಅಂಗಡಿಯಲ್ಲಿ ಕೂತರೆ ಈ ದಾರಿಯ ಮೂರು ನಿಲ್ದಾಣ ಒಂದೇ ಮೇಜಿನಲ್ಲಿ ಸಿಗುತ್ತವೆ.

ಇನ್ನು ಕರಾವಳಿಯವರಿಗೆ ಒಂದು ಹೆಚ್ಚಿನ ಲಾಭ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಭಾಷೆ ಸ್ಪ್ಯಾನಿಷಿನ ಒಡಹುಟ್ಟು. ಅವರು ಬಿಟ್ಟುಹೋದ ಪದಗಳು ನಮ್ಮ ಮನೆಯಲ್ಲಿವೆ. ನಮ್ಮ ಬಾಲ್ದಿ ಅಲ್ಲೂ 'ಬಾಲ್ದೆ'. ಮೇಸ್ತ್ರಿ ಅಲ್ಲಿ 'ಮಾಯೆಸ್ತ್ರೊ'. ಚಾವಿ 'ಯಾವೆ'. ಇಗರ್ಜಿ 'ಇಗ್ಲೇಸಿಯಾ'. ಪಾದ್ರಿ 'ಪಾದ್ರೆ'. ನಾವೆಲ್ಲ ತಿಂಗಳ ಕೊನೆಗೆ ಕಾಯುವ ಪಗಾರ ಅಲ್ಲಿ 'ಪಗಾರ್', ಹಣ ಕೊಡು ಅಂತ ಅರ್ಥ. ಈ ಪಟ್ಟಿ ಮಾಡುವಾಗ ಮಗಳ ಜೊತೆ ಆಯಿಯೂ ಸೇರಿಕೊಂಡಳು. "ಬಾಲ್ದಿ ನಮ್ದೇ ಅಲ್ದಾ?" ಅಂತ ಅವಳಿಗೆ ಇನ್ನೂ ಅನುಮಾನ.

ಕೊನೆಯದಾಗಿ ಬರುವ ಪಾಠ, ಆಸೆ ಮತ್ತು ಹಾರೈಕೆಯ ರೂಪ. ಇದಕ್ಕೆ ಮಕ್ಕಳು ಬಹಳ ಹೆದರುತ್ತಾರೆ. 'ಮಗಳು ಓದಲಿ ಅಂತ ಆಸೆ', 'ಮಳೆ ಬರಲಿ' ಅನ್ನುವಾಗ ನಾವು ಹಚ್ಚುವ 'ಅಲಿ' ಇದೆಯಲ್ಲ, ಆ ಜಾಗದಲ್ಲಿ ಸ್ಪ್ಯಾನಿಷಿನ ಕ್ರಿಯಾಪದವೂ ರೂಪ ಬದಲಿಸುತ್ತದೆ. 'ಓಖಲಾ' ಅಂತ ಒಂದು ಪದ ಮುಂದೆ ಬಂದರೆ ಈ ರೂಪ ಬಂದ ಹಾಗೆಯೇ. 'ಓಖಲಾ ಯುಏವಾ', ಮಳೆ ಬರಲಿ. ಆ ಓಖಲಾ ಕೂಡ ಅರಬ್ಬಿಯಿಂದ ಬಂದದ್ದು, ದೇವರು ಮನಸ್ಸು ಮಾಡಿದರೆ ಅನ್ನುವ ಅರ್ಥದ್ದು. ನಾವಿಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳುವ ಇನ್ಶಾ ಅಲ್ಲಾದ ಹತ್ತಿರದ ನೆಂಟ. 2024ರ ಏಪ್ರಿಲ್ 16ರ ಮಳೆ ನೋಡಿದ ಮೇಲೆ ದುಬೈಯಲ್ಲಿ 'ಮಳೆ ಬರಲಿ' ಅನ್ನಲಿಕ್ಕೆ ಸ್ವಲ್ಪ ಯೋಚನೆ ಮಾಡಬೇಕು, ಅದು ಬೇರೆ ಮಾತು.

ಈಗ ಪರೀಕ್ಷೆಯ ವಿಷಯ. ಕೇಂಬ್ರಿಜ್ ಐಜಿಸಿಎಸ್‌ಇ ಆದರೆ ಕೇಳುವುದು, ಓದುವುದು, ಮಾತಾಡುವುದು, ಬರೆಯುವುದು, ನಾಲ್ಕಕ್ಕೂ ಸಮಪಾಲು, ತಲಾ ಇಪ್ಪತ್ತೈದು ಶೇಕಡಾ. ನಮ್ಮ ಮಕ್ಕಳು ಬರೆಯುವುದಕ್ಕೇ ಓದಿ ಓದಿ ಸಾಯುತ್ತಾರೆ. ಮಾತಿನ ಪರೀಕ್ಷೆ ಸುಮಾರು ಹತ್ತು ನಿಮಿಷ. ಒಂದು ಸಣ್ಣ ಸನ್ನಿವೇಶವನ್ನು ಅಭಿನಯಿಸಬೇಕು, ಆಮೇಲೆ ಎರಡು ವಿಷಯಗಳ ಮೇಲೆ ಮಾತುಕತೆ. ಉರು ಹೊಡೆದ ಉತ್ತರ ಅಲ್ಲಿ ಹೆಚ್ಚು ದೂರ ಹೋಗುವುದಿಲ್ಲ, ಎದುರಿನವರು ಮತ್ತೊಂದು ಪ್ರಶ್ನೆ ಕೇಳುತ್ತಾರೆ. ಬರವಣಿಗೆಯಲ್ಲಿ ದೊಡ್ಡ ಪ್ರಶ್ನೆ 130ರಿಂದ 140 ಪದದ್ದು. ಅದರಲ್ಲಿ ಬೇರೆ ಬೇರೆ ಕಾಲಗಳು ಬರಬೇಕು, ಅಂದರೆ ಮತ್ತೆ ಅದೇ 'ಹೋದೆ, ಹೋಗ್ತಿದ್ದೆ'.

ಟ್ಯೂಷನ್ ಬೇಕಾ ಅನ್ನುವ ಪ್ರಶ್ನೆಗೆ ನನ್ನ ಅನುಭವದ ಉತ್ತರ ಇದು. ಮೊದಲ ಆರು ವಾರ ಕಾಯಿರಿ. ದಿನಕ್ಕೆ ಹತ್ತು ನಿಮಿಷ ಕ್ರಿಯಾಪದ ಬಾಯಿಪಾಠ ಕೇಳಿ, ನಿಮಗೆ ಸ್ಪ್ಯಾನಿಷ್ ಬರಬೇಕಾಗಿಲ್ಲ, ಪುಸ್ತಕ ಹಿಡಿದು ಕೂತರೆ ಸಾಕು. ಮೊಬೈಲಿನಲ್ಲಿ ಅನುವಾದ ಮಾಡಿಸಿ ಹೋಮ್‌ವರ್ಕ್ ಬರೆಯಲಿಕ್ಕೆ ಬಿಡಬೇಡಿ. ಕಲಿಯದ ರೂಪಗಳು ಅದರಲ್ಲಿ ಇರುತ್ತವೆ, ಟೀಚರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪ್ರತಿ ಹೊಸ ಪಾಠ ಬಂದಾಗ, "ಇದನ್ನು ಕನ್ನಡದಲ್ಲಿ ಹೇಗೆ ಹೇಳ್ತೀಯಾ?" ಅಂತ ಒಂದು ಸಲ ಕೇಳಿ. ತುಳುವಿನಲ್ಲಿ, ಕೊಂಕಣಿಯಲ್ಲಿ ಕೇಳಿದರೂ ಆದೀತು. ಉತ್ತರ ಬಂದರೆ ಪಾಠ ಸುಲಭವಾಗುತ್ತದೆ. ಬರದಿದ್ದರೆ ನಮ್ಮ ಮನೆಯಲ್ಲಿ ಏನು ಕಡಿಮೆಯಾಗಿದೆ ಅಂತ ನಮಗೆ ಗೊತ್ತಾಗುತ್ತದೆ.

ಸ್ಪ್ಯಾನಿಷ್ ಕಲಿಯುವುದು ಒಳ್ಳೆಯದೇ. 20 ದೇಶಗಳ ಅಧಿಕೃತ ಭಾಷೆ ಅದು, 45 ಕೋಟಿಗೂ ಹೆಚ್ಚು ಜನರ ತಾಯಿನುಡಿ. ಸ್ಪ್ಯಾನಿಷ್ ಬಂದದ್ದಕ್ಕೆ ಕನ್ನಡ ಹೋಗುವುದಿಲ್ಲ, ನಾವು ಮಾತಾಡದೆ ಇದ್ದರೆ ಹೋಗುತ್ತದೆ. ದುಬೈಯಲ್ಲಿ ಕನ್ನಡ ಮಿತ್ರರು 2014ರಿಂದ ಉಚಿತವಾಗಿ ನಡೆಸಿಕೊಂಡು ಬಂದಿರುವ ಕನ್ನಡ ಪಾಠಶಾಲೆ ಇದೆ. ನಾನು ಅಲ್ಲಿಗೆ ಮಗಳನ್ನು ಕಳಿಸಿದ್ದು ತಡವಾಗಿ, ಸ್ಪ್ಯಾನಿಷಿನ ಪುಣ್ಯದಿಂದ. ತನಗಿಂತ ಅರ್ಧ ವಯಸ್ಸಿನ ಮಕ್ಕಳ ಜೊತೆ ಕೂತು ಅ ಆ ಇ ಈ ತಿದ್ದುವಾಗ ಮೊದಲ ದಿನ ಅವಳಿಗೆ ನಾಚಿಕೆಯಾಯಿತು. ಎರಡನೆಯ ವಾರ ಕಾಗುಣಿತ ನೋಡಿ, "ಇದೂ ಬರೆದ ಹಾಗೇ ಓದೋದು, ಸ್ಪ್ಯಾನಿಷ್ ಥರಾ" ಅಂದಳು. ತಿರುಗುಮುರುಗು ಆಯ್ತಲ್ಲ ಅಂತ ನನಗೆ ನಗು ಬಂತು. ಆಗಲಿ, ಯಾವ ಬಾಗಿಲಿನಿಂದ ಬಂದರೇನು.

ಈಗ ಶನಿವಾರದ ಫೋನು ಹತ್ತು ಹದಿನೈದು ನಿಮಿಷ ನಡೆಯುತ್ತದೆ. ನಡುವೆ ಇಂಗ್ಲಿಷ್ ನುಸುಳುತ್ತದೆ, ಆಯಿಗೆ ಅರ್ಥವಾಗುವುದಿಲ್ಲ, "ಎಂತದು?" ಅನ್ನುತ್ತಾಳೆ, ಇವಳು ಪದ ಹುಡುಕುತ್ತಾಳೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ಹೋದ ವಾರ ಮಗಳು ಅಜ್ಜಿಯನ್ನು ಕೇಳುತ್ತಿದ್ದಳು, ಶಾಲೆ ಬಿಟ್ಟ ಮೇಲೆ ದೋಣಿಯ ಹತ್ತಿರ ಮತ್ತೆ ಹೋಗ್ತಿದ್ರಾ ಅಂತ. ಅವಳು 'ಹೋದ್ರಾ' ಅನ್ನಲಿಲ್ಲ. 'ಹೋಗ್ತಿದ್ರಾ' ಅಂದಳು.

ಸೆಪ್ಟೆಂಬರಿನಲ್ಲಿ ಸ್ಪ್ಯಾನಿಷ್ ಶುರು ಮಾಡುವ ಎಲ್ಲ ಮಕ್ಕಳಿಗೂ ಒಳ್ಳೆಯದಾಗಲಿ.